ಮಾರ್ಚ್‌ನಲ್ಲಿ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೇವೆ, ಮೊದಲು ಏನೇನು ಮಾಡಬೇಕು?

ದಾವಣಗೆರೆಯವಳು

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರಿಗೆ ಸ್ಟುಟ್‌ಗಾರ್ಟ್ ಬಳಿ ವಾಹನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ವೀಸಾ ಬಂದಿದೆ. ನಾನು ಮತ್ತು ನಾಲ್ಕು ವರ್ಷದ ಮಗಳು ಕೂಡ ಜೊತೆಯಲ್ಲೇ ಹೊರಡುತ್ತಿದ್ದೇವೆ. ಆರು ವಾರಕ್ಕೆ ಕಂಪನಿಯವರೇ ಪೀಠೋಪಕರಣ ಸಹಿತ ಮನೆ ಕೊಡುತ್ತಾರೆ, ಆಮೇಲಿನದು ನಮ್ಮ ಪಾಡು. ಅಂತರ್ಜಾಲದಲ್ಲಿ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಬ್ಬರು ಬ್ಯಾಂಕ್ ಖಾತೆ ಮೊದಲು ಎನ್ನುತ್ತಾರೆ, ಇನ್ನೊಬ್ಬರು ವಿಮೆ ಮೊದಲು ಎನ್ನುತ್ತಾರೆ. ಅಲ್ಲಿ ಸಂಸಾರ ಮಾಡಿದವರು ದಯವಿಟ್ಟು ಹೇಳಿ: ಇಳಿದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ? ಇಲ್ಲಿಂದ ಏನು ತರಬೇಕು?

ಬೋಬ್ಲಿಂಗನ್ ಅಕ್ಕ

ಬನ್ನಿ ತಂಗಿ, ಸ್ವಾಗತ. ಜರ್ಮನಿಯಲ್ಲಿ ಎಲ್ಲವೂ ವಿಳಾಸದಿಂದ ಶುರುವಾಗುತ್ತದೆ. ಮನೆಗೆ ಕಾಲಿಟ್ಟ ಎರಡು ವಾರದೊಳಗೆ ಆ ಊರಿನ ಪೌರ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಪಾಸ್‌ಪೋರ್ಟ್‌ಗಳ ಜೊತೆಗೆ ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಒಂದೇ ಇದ್ದರೆ ಸಾಲದು. ಕಂಪನಿ ಕೊಡುವ ತಾತ್ಕಾಲಿಕ ಮನೆಯಲ್ಲಿ ಈ ಪತ್ರ ಕೊಡುತ್ತಾರೋ ಇಲ್ಲವೋ ಎಂದು ಈಗಲೇ ಇಮೇಲ್ ಬರೆದು ಕೇಳಿ. ಕೊಡುವುದಿಲ್ಲ ಎಂದರೆ ಬೇರೆ ಮನೆ ಕೇಳಿ. ಈ ವಿಷಯದಲ್ಲಿ ಸಂಕೋಚ ಬೇಡ.

ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ನೋಂದಣಿಯಾದ ಮೇಲೆಯೇ ನಿಮ್ಮ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಕಂಪನಿಯ ಕೈಸೇರದೆ ಉಳಿದರೆ ಸಂಬಳದಲ್ಲಿ ಆರನೇ ವರ್ಗದ ತೆರಿಗೆ ಕಡಿತವಾಗಬಹುದು. ಅದು ಎಲ್ಲಕ್ಕಿಂತ ಭಾರಿ ವರ್ಗ. ಆ ಹಣ ಆಮೇಲೆ ವಾಪಸ್ ಬರುತ್ತದೆ, ನಿಜ. ಆದರೆ ಮನೆಯ ಮುಂಗಡ ಕಟ್ಟಬೇಕಾದ ತಿಂಗಳಲ್ಲೇ ಕೈ ಕಟ್ಟಿಹಾಕಿದಂತಾಗುತ್ತದೆ. ವಾಸದ ಪರವಾನಗಿ, ಮಗುವಿನ ಭತ್ಯೆ, ಶಿಶುವಿಹಾರದ ಅರ್ಜಿ ಎಲ್ಲದಕ್ಕೂ ಆ ನೋಂದಣಿ ಕಾಗದ ಬೇಕು.

ಇನ್ನು ಅಂಚೆ ಪೆಟ್ಟಿಗೆ. ಇಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ. ರಸ್ತೆ, ಕಟ್ಟಡದ ಸಂಖ್ಯೆ, ಊರು, ಅಷ್ಟೇ. ಹನ್ನೆರಡು ಮನೆಗಳ ಕಟ್ಟಡದಲ್ಲಿ ನಿಮ್ಮ ಪತ್ರ ಯಾವ ಡಬ್ಬಕ್ಕೆ ಹೋಗಬೇಕು ಎಂಬುದನ್ನು ಅಂಚೆಯವರು ಡಬ್ಬದ ಮೇಲಿನ ಹೆಸರಿನ ಪಟ್ಟಿಯಿಂದಲೇ ತಿಳಿಯಬೇಕು. ಹೆಸರಿಲ್ಲದಿದ್ದರೆ ಪತ್ರ ಕಳುಹಿಸಿದವರಿಗೇ ಹಿಂದಿರುಗುತ್ತದೆ. ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ಅದರ ಗುಪ್ತ ಸಂಖ್ಯೆ, ವಿಮೆ ಕಾರ್ಡ್, ವಿದೇಶಿಯರ ಕಚೇರಿಯ ಪತ್ರ ಎಲ್ಲವೂ ಬರುವುದು ಆ ಡಬ್ಬಕ್ಕೇ. ಬೀಗದ ಕೈ ಕೈಗೆ ಬಂದ ದಿನವೇ ಒಂದು ಚೀಟಿಯಲ್ಲಿ ಮೂವರ ಹೆಸರನ್ನೂ ಸ್ಪಷ್ಟವಾಗಿ ಬರೆದು ಡಬ್ಬಕ್ಕೂ ಕರೆಗಂಟೆಗೂ ಅಂಟಿಸಿ. ಮನೆ ಮಾಲೀಕರು ಅಚ್ಚುಕಟ್ಟಾದ ಫಲಕ ಹಾಕಿಸುವವರೆಗೆ ಆ ಚೀಟಿ ಇರಲಿ. ಡಬ್ಬವನ್ನು ಪ್ರತಿದಿನ ತೆಗೆದು ನೋಡಿ. ಅರ್ಥವಾಗದ ಪತ್ರ ಬಂದರೆ ಪಕ್ಕಕ್ಕಿಡಬೇಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದು ಅನುವಾದಿಸಿ ಅಂದೇ ಓದಿ. ಅದರಲ್ಲಿ ದಪ್ಪಕ್ಷರದ ದಿನಾಂಕ ಇದ್ದರೆ ಅದೇ ನಿಮ್ಮ ಗಡುವು.

ಅಧಿಕೃತ ಆದೇಶದ ಹಳದಿ ಲಕೋಟೆ ಬಂದರೆ ಇನ್ನೂ ಎಚ್ಚರ. ಅದನ್ನು ಡಬ್ಬಕ್ಕೆ ಹಾಕಿದ ದಿನಾಂಕವನ್ನು ಅಂಚೆಯವರು ಲಕೋಟೆಯ ಮೇಲೆಯೇ ಬರೆದಿರುತ್ತಾರೆ. ಗಡುವು ಆ ದಿನದಿಂದಲೇ ಲೆಕ್ಕ. ನೀವು ಒಡೆದು ಓದಿದ ದಿನ ಲೆಕ್ಕಕ್ಕಿಲ್ಲ. ಸಂಚಾರ ದಂಡದ ಆದೇಶಕ್ಕೆ ಆಕ್ಷೇಪ ಸಲ್ಲಿಸಲು ಎರಡೇ ವಾರ ಸಮಯವಿದೆ. ಲಕೋಟೆಯನ್ನು ಎಸೆಯಬೇಡಿ, ಪತ್ರದ ಜೊತೆಯಲ್ಲೇ ಕಡತದಲ್ಲಿಡಿ. ಊರಿಗೆ ಹೋಗುವಾಗ ಡಬ್ಬದ ಕೀಲಿಯನ್ನು ನಂಬಿಕಸ್ಥರ ಕೈಯಲ್ಲಿ ಕೊಟ್ಟು ಹೋಗಿ.

ಹೈಡಲ್‌ಬರ್ಗ್ ವಾಸಿ

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಪತ್ರ ಸೇರಿಸುತ್ತೇನೆ. ನೋಂದಣಿಯಾದ ಕೆಲವು ವಾರಗಳಲ್ಲಿ ರೇಡಿಯೊ, ಟಿವಿ ಶುಲ್ಕದ ಪತ್ರ ಬರುತ್ತದೆ. ಇದು ಮೋಸದ ಪತ್ರವಲ್ಲ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕಟ್ಟಬೇಕು. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. ತಲೆಗೆ ಲೆಕ್ಕವಿಲ್ಲ, ಆದ್ದರಿಂದ ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಪತ್ರ ಬಂದರೆ ಒಬ್ಬರ ಶುಲ್ಕದ ಸಂಖ್ಯೆ ಬರೆದು ಇನ್ನೊಬ್ಬರದನ್ನು ರದ್ದು ಮಾಡಿಸಿ.

ಮನೆ ಹುಡುಕುವುದು ಕಷ್ಟ, ಅದರಲ್ಲೂ ಸ್ಟುಟ್‌ಗಾರ್ಟ್‌ನಲ್ಲಿ. ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತವೆ. ತಣ್ಣನೆಯ ಬಾಡಿಗೆ ಎಂದರೆ ಮನೆಗೆ ಮಾತ್ರ. ಬೆಚ್ಚನೆಯ ಬಾಡಿಗೆಯಲ್ಲಿ ಬಿಸಿ ಮಾಡುವ ಖರ್ಚು, ನೀರು, ಕಸ, ಮೆಟ್ಟಿಲಿನ ದೀಪ ಸೇರಿರುತ್ತವೆ. ಮನೆಯ ವಿದ್ಯುತ್ತು ಮತ್ತು ಇಂಟರ್ನೆಟ್ ಸಾಮಾನ್ಯವಾಗಿ ಎರಡರಲ್ಲೂ ಸೇರಿರುವುದಿಲ್ಲ. ಬೆಚ್ಚನೆಯ ಬಾಡಿಗೆಯೂ ಕೊನೆಯ ಮಾತಲ್ಲ. ವರ್ಷದ ಲೆಕ್ಕ ಬಂದಾಗ ನೀವು ಹೆಚ್ಚು ಬಳಸಿದ್ದರೆ ಬಾಕಿ ಕಟ್ಟಬೇಕು, ಕಡಿಮೆ ಬಳಸಿದ್ದರೆ ಹಣ ವಾಪಸ್ ಬರುತ್ತದೆ. ಚಳಿಗಾಲದ ನಂತರ ಇದಕ್ಕಾಗಿ ಸ್ವಲ್ಪ ಹಣ ಎತ್ತಿಡಿ.

ಮುಂಗಡ ಹೆಚ್ಚೆಂದರೆ ಮೂರು ತಿಂಗಳ ತಣ್ಣನೆಯ ಬಾಡಿಗೆ. ಅದನ್ನು ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ನೆಮ್ಮದಿ. ಆದರೆ ಮನೆಯನ್ನು ಕಣ್ಣಾರೆ ನೋಡದೆ, ಕರಾರಿಗೆ ಸಹಿ ಆಗದೆ ಒಂದು ಯೂರೊ ಕೂಡ ಕಳುಹಿಸಬೇಡಿ. "ನಾನು ವಿದೇಶದಲ್ಲಿದ್ದೇನೆ, ಹಣ ಹಾಕಿದರೆ ಕೀಲಿ ಕೊರಿಯರ್ ಮಾಡುತ್ತೇನೆ" ಎನ್ನುವವರೆಲ್ಲ ವಂಚಕರು. ಹೊಸದಾಗಿ ಬರುವ ನಮ್ಮವರೇ ಅವರ ಗುರಿ.

ಇನ್ನೊಂದು ಸಂಗತಿ ಕೇಳಿ ಎಲ್ಲರೂ ಬೆಚ್ಚಿಬೀಳುತ್ತಾರೆ. ಎಷ್ಟೋ ಮನೆಗಳಿಗೆ ಅಡುಗೆಮನೆಯ ಸಾಮಾನೇ ಇರುವುದಿಲ್ಲ. ನೀರಿನ ಕೊಳವೆ, ಒಲೆಯ ತಂತಿ ಗೋಡೆಯಿಂದ ಹೊರಗೆ ಚಾಚಿರುತ್ತವೆ. ತೊಟ್ಟಿ, ಒಲೆ, ಕಪಾಟು ಎಲ್ಲ ನೀವೇ ತಂದು ಕೂರಿಸಬೇಕು. ಖಾಲಿ ಮಾಡುವ ಬಾಡಿಗೆದಾರರ ಅಡುಗೆಮನೆಯನ್ನು ಅಲ್ಲೇ ಕೊಂಡುಕೊಂಡರೆ ಹಣವೂ ಉಳಿತಾಯ, ಶ್ರಮವೂ ಉಳಿತಾಯ. ಜಾಹೀರಾತಿನಲ್ಲಿ ಅಡುಗೆಮನೆ ಸೇರಿದೆ ಎಂದು ಬರೆದಿದೆಯೇ ನೋಡಿಕೊಳ್ಳಿ.

ಮನೆ ಒಪ್ಪಿಸಿಕೊಳ್ಳುವ ದಿನ ಪ್ರತಿ ಕೋಣೆಯ ನೆಲ, ಗೋಡೆ, ಕಿಟಕಿ, ಸ್ನಾನದ ಮನೆಯ ಬಿರುಕು ಎಲ್ಲದರ ಫೋಟೊ ತೆಗೆದು ಒಪ್ಪಿಗೆ ಪತ್ರದಲ್ಲಿ ಬರೆಸಿ. ನೀರು, ವಿದ್ಯುತ್ತು, ಬಿಸಿಯ ಮೀಟರ್‌ಗಳ ಅಂಕಿಗಳನ್ನೂ ಬರೆದುಕೊಳ್ಳಿ.

ದಾವಣಗೆರೆಯವಳು

ಅಕ್ಕ, ಸರ್, ಇಬ್ಬರಿಗೂ ತುಂಬ ಧನ್ಯವಾದಗಳು. ಹೆಸರಿನ ಚೀಟಿ ಎಂದಾಗ ಒಂದು ಭಯ ಹುಟ್ಟಿತು. ಯಜಮಾನರ ಪಾಸ್‌ಪೋರ್ಟಿನ ಸರ್‌ನೇಮ್ ಖಾನೆಯಲ್ಲಿ ಮಾವನವರ ಹೆಸರಿದೆ. ಮಗಳ ಪಾಸ್‌ಪೋರ್ಟಿನ ಸರ್‌ನೇಮ್ ಯಜಮಾನರ ಹೆಸರು. ನನ್ನದರಲ್ಲಿ ಆ ಖಾನೆಯೇ ಖಾಲಿ, ನನ್ನ ಹೆಸರು ಮಾತ್ರ ಇದೆ. ಶಾಲೆ ಕಾಲೇಜು ದಾಖಲೆಗಳಲ್ಲಿ ಇನಿಷಿಯಲ್ ಇದೆ. ಇದರಿಂದ ತೊಂದರೆಯಾಗುತ್ತದೆಯೇ?

ಬೋಬ್ಲಿಂಗನ್ ಅಕ್ಕ

ನಮ್ಮ ಕಡೆಯ ಬಹುತೇಕ ಕುಟುಂಬಗಳ ಕತೆ ಇದೇ ತಂಗಿ. ಹೆದರಬೇಡಿ. ವೀಸಾ ಅಚ್ಚಾದ ಮೇಲೆ ಹೊರಡುವ ಹೊತ್ತಿಗೆ ಪಾಸ್‌ಪೋರ್ಟ್ ಬದಲಿಸಲು ಹೋಗಬೇಡಿ. ಇನ್ನೂ ವೀಸಾಕ್ಕೆ ಅರ್ಜಿ ಹಾಕದವರು ಇದನ್ನು ಓದುತ್ತಿದ್ದರೆ, ಮೊದಲು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಸರ್‌ನೇಮ್ ಖಾನೆ ತುಂಬಿಸಿಕೊಳ್ಳಿ.

ನಿಮ್ಮ ಮಟ್ಟಿಗೆ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಒಂದಕ್ಷರವೂ ಆಚೀಚೆ ಆಗದಂತೆ, ಎಲ್ಲ ಕಡೆ ಬರೆಸಿ. ಬ್ಯಾಂಕಿನಲ್ಲಿ ಒಂದು, ವಿಮೆಯಲ್ಲಿ ಒಂದು ಎಂದಾಗಬಾರದು. ಅಂಚೆ ಡಬ್ಬದ ಮೇಲೆ ಮೂವರ ಹೆಸರೂ ಇರಲಿ. ತಾಯಿ ಮಗಳ ಸರ್‌ನೇಮ್ ಬೇರೆಯಾದ್ದರಿಂದ ಶಿಶುವಿಹಾರದಲ್ಲಿ, ವೈದ್ಯರಲ್ಲಿ, ವಿಮಾನ ನಿಲ್ದಾಣದಲ್ಲಿ "ಈ ಮಗು ನಿಮ್ಮದೇ?" ಎಂದು ಕೇಳುವುದುಂಟು. ಅದಕ್ಕೆ ಉತ್ತರ ಮಗಳ ಜನನ ಪ್ರಮಾಣಪತ್ರ. ಅದರಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಂತೆಯೇ ಇದೆಯೇ ಎಂದು ಇಂದೇ ತೆಗೆದು ನೋಡಿ. ತಪ್ಪಿದ್ದರೆ ದಾವಣಗೆರೆಯಲ್ಲಿ ಇರುವಾಗಲೇ ತಿದ್ದಿಸಿ. ಇಲ್ಲಿಂದ ತಿದ್ದಿಸುವುದು ಎಂದರೆ ಅಪ್ಪನವರನ್ನು ಕಚೇರಿಯಿಂದ ಕಚೇರಿಗೆ ಅಲೆಸಿದಂತೆ.

ಮದುವೆಗೂ ಅಷ್ಟೇ. ಉಪ ನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರದ ಮೂಲಪ್ರತಿ ಕೈಚೀಲದಲ್ಲಿರಲಿ. ಕನ್ನಡದಿಂದ ಜರ್ಮನ್‌ಗೆ ಅಧಿಕೃತವಾಗಿ ಅನುವಾದಿಸುವವರು ಇಲ್ಲಿ ಸಿಗುವುದು ಬಹಳ ಕಷ್ಟ. ಕನ್ನಡದಲ್ಲಿ ಮಾತ್ರ ಇರುವ ದಾಖಲೆ ಇದ್ದರೆ ಇಂಗ್ಲಿಷ್ ಪ್ರತಿ ಮಾಡಿಸಿಕೊಂಡೇ ಬನ್ನಿ. ಇಂಗ್ಲಿಷ್‌ನಿಂದ ಜರ್ಮನ್‌ಗೆ ಅನುವಾದಕರು ಬೇಕಾದಷ್ಟು ಜನ ಇದ್ದಾರೆ.

ಬಂದ ಮೇಲೆ ವಾಸದ ಪರವಾನಗಿ ಕಾರ್ಡ್‌ಗೆ ವಿದೇಶಿಯರ ಕಚೇರಿಯಲ್ಲಿ ಬೇಗ ಅರ್ಜಿ ಹಾಕಿ. ಅಲ್ಲಿ ಸಮಯ ಸಿಗುವುದು ತಿಂಗಳುಗಟ್ಟಲೆ ತಡವಾಗಬಹುದು. ವೀಸಾ ಮುಗಿಯುವ ಮುನ್ನ ಅರ್ಜಿ ಕಚೇರಿಗೆ ಮುಟ್ಟಿದ್ದರೆ ನಿಮ್ಮ ವಾಸ ಕಾನೂನುಬದ್ಧವಾಗಿಯೇ ಮುಂದುವರಿಯುತ್ತದೆ. ಅದಕ್ಕೆ ಒಂದು ತಾತ್ಕಾಲಿಕ ಪತ್ರ ಕೇಳಿ ಪಡೆಯಿರಿ. ಆ ಪತ್ರದ ಮೇಲೆ ಊರಿಗೆ ಹೋಗಿ ಮರಳಬಹುದೇ ಎಂಬುದು ಅದರಲ್ಲಿ ಯಾವ ಉಪವಿಧಿಗೆ ಗುರುತು ಹಾಕಿದ್ದಾರೆ ಎಂಬುದನ್ನು ಅವಲಂಬಿಸುತ್ತದೆ. ಕಚೇರಿಯವರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಟಿಕೆಟ್ ತೆಗೆಯಿರಿ.

ಉಡುಪಿಯ ನರ್ಸ್, ಈಗ ಉಲ್ಮ್

ನಾನು ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಮಗು ಇರುವ ಮನೆಯವರಿಗೆ ಹೇಳಲೇಬೇಕಾದ ಕೆಲವು ಮಾತುಗಳಿವೆ.

ಮಗಳ ಲಸಿಕೆ ಕಾರ್ಡ್ ಮರೆಯದೆ ತನ್ನಿ. ದಡಾರದ ಲಸಿಕೆ ಆಗಿದೆ ಎಂಬ ದಾಖಲೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. 2020ರ ಮಾರ್ಚ್‌ನಿಂದ ಇದು ಕಾನೂನು. ಈ ವಯಸ್ಸಿಗೆ ಎರಡು ಡೋಸ್ ಆಗಿರಬೇಕು. ಕಾರ್ಡಿನಲ್ಲಿ ದಿನಾಂಕ, ಲಸಿಕೆಯ ಹೆಸರು, ಆಸ್ಪತ್ರೆಯ ಮೊಹರು ಸ್ಪಷ್ಟವಾಗಿಲ್ಲದಿದ್ದರೆ ನಿಮ್ಮ ಮಕ್ಕಳ ವೈದ್ಯರಿಂದ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ.

ಮಕ್ಕಳ ವೈದ್ಯರನ್ನು ಮಗು ಆರೋಗ್ಯವಾಗಿ ಇರುವಾಗಲೇ ಹುಡುಕಿ. ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಹೇಳುವ ಚಿಕಿತ್ಸಾಲಯಗಳೇ ಹೆಚ್ಚು. ಜ್ವರ ಬಂದ ರಾತ್ರಿ ಹುಡುಕಲು ಹೊರಟರೆ ಕಣ್ಣೀರು ಬರುತ್ತದೆ. ನಿಮ್ಮಿಬ್ಬರಿಗೂ ಒಬ್ಬ ಕುಟುಂಬ ವೈದ್ಯರನ್ನು ಗೊತ್ತು ಮಾಡಿಕೊಳ್ಳಿ.

ಸಂಖ್ಯೆಗಳನ್ನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿ. ಪ್ರಾಣಕ್ಕೆ ಅಪಾಯ ಅಥವಾ ಬೆಂಕಿ ಎಂದರೆ 112. ಪೊಲೀಸ್ 110. ರಾತ್ರಿ ಅಥವಾ ಭಾನುವಾರ ಜ್ವರ, ವಾಂತಿ, ಕಿವಿನೋವು ಇಂಥದ್ದಾದರೆ 116117. ಅವರು ಹತ್ತಿರದ ತುರ್ತು ಚಿಕಿತ್ಸಾಲಯ ಯಾವುದೆಂದು ಹೇಳುತ್ತಾರೆ. ತಜ್ಞ ವೈದ್ಯರ ಸಮಯ ಸಿಗದೆ ಒದ್ದಾಡುವಾಗಲೂ ಇದೇ ಸಂಖ್ಯೆ ನೆರವಾಗುತ್ತದೆ. ನಮ್ಮವರು ಸಣ್ಣ ಜ್ವರಕ್ಕೂ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದು, ಗಂಟೆಗಟ್ಟಲೆ ಕಾಯ್ದು, ಸಿಟ್ಟಾಗಿ ಹೋಗುವುದನ್ನು ನೋಡುತ್ತಲೇ ಇರುತ್ತೇನೆ. ಅಲ್ಲಿ ಸರದಿ ಬಂದ ಹೊತ್ತಿನ ಪ್ರಕಾರ ಇರುವುದಿಲ್ಲ, ಯಾರ ಸ್ಥಿತಿ ಗಂಭೀರವೋ ಅವರು ಮೊದಲು.

ಊರಿನ ಮೆಡಿಕಲ್ ಶಾಪ್‌ನಂತೆ ಕೇಳಿದ ತಕ್ಷಣ ಆ್ಯಂಟಿಬಯೋಟಿಕ್ ಇಲ್ಲಿ ಸಿಗುವುದಿಲ್ಲ. ನೆಗಡಿ ಕೆಮ್ಮಿಗೆ ವೈದ್ಯರೂ ಬರೆದುಕೊಡುವುದಿಲ್ಲ, ವಿಶ್ರಾಂತಿ ತೆಗೆದುಕೊಳ್ಳಿ, ಬಿಸಿ ಕಷಾಯ ಕುಡಿಯಿರಿ ಎನ್ನುತ್ತಾರೆ. ಅದನ್ನು ಅಲಕ್ಷ್ಯ ಎಂದು ತಿಳಿಯಬೇಡಿ. ಮನೆಯಲ್ಲಿ ಯಾರಿಗಾದರೂ ರಕ್ತದೊತ್ತಡ, ಥೈರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಮೊದಲ ಕೆಲವು ವಾರಗಳಿಗೆ ಸಾಕಾಗುವಷ್ಟು ಮಾತ್ರೆ, ಜೊತೆಗೆ ಔಷಧದ ಮೂಲ ರಾಸಾಯನಿಕ ಹೆಸರು ಬರೆದ ಚೀಟಿ ತನ್ನಿ. ಅಲ್ಲಿನ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಮ್ಯೂನಿಕ್‌ನ ಎಂಜಿನಿಯರ್

ವಿಮೆಯ ಬಗ್ಗೆ ಯಾರೂ ಹೇಳಲಿಲ್ಲ. ಒಳ್ಳೆಯ ಸಂಬಳ ಇದ್ದರೆ ಖಾಸಗಿ ವಿಮೆ ತೆಗೆದುಕೊಳ್ಳಿ. ತಿಂಗಳ ಕಂತು ಕಡಿಮೆ, ತಜ್ಞ ವೈದ್ಯರ ಸಮಯವೂ ಬೇಗ ಸಿಗುತ್ತದೆ. ನಾನು ಅದರಲ್ಲೇ ಇದ್ದೇನೆ, ತೃಪ್ತಿ ಇದೆ.

ಹೈಡಲ್‌ಬರ್ಗ್ ವಾಸಿ

ಎಂಜಿನಿಯರ್ ಅವರೇ, ಒಂಟಿಯಾಗಿರುವ ಯುವಕರಿಗೆ ನಿಮ್ಮ ಲೆಕ್ಕ ಸರಿ. ಈ ಕುಟುಂಬಕ್ಕೆ ಆ ಸಲಹೆ ಕೊಡಲು ನನಗೆ ಮನಸ್ಸಾಗುವುದಿಲ್ಲ. ಸಾರ್ವಜನಿಕ ವಿಮೆಯಲ್ಲಿ ಸಂಬಳದ ಶೇಕಡಾ 14.6 ಮತ್ತು ವಿಮಾ ನಿಧಿಯ ಹೆಚ್ಚುವರಿ ಶುಲ್ಕ, ಅದರಲ್ಲಿ ಅರ್ಧ ಕಂಪನಿ ಕಟ್ಟುತ್ತದೆ. ದುಡಿಮೆ ಇಲ್ಲದ ಸಂಗಾತಿ ಮತ್ತು ಮಕ್ಕಳು ಅದೇ ಕಂತಿನಲ್ಲಿ ಸೇರುತ್ತಾರೆ. ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು. ಎರಡನೇ ಮಗು ಹುಟ್ಟಿದರೆ ಇನ್ನೊಂದು. ಸಂಬಳ ಕಡಿಮೆಯಾದರೂ ಕಂತು ಇಳಿಯುವುದಿಲ್ಲ, ವಯಸ್ಸಾದಂತೆ ಏರುತ್ತದೆ. ಒಮ್ಮೆ ಆ ಕಡೆ ಹೋದವರು ಸಾರ್ವಜನಿಕ ವಿಮೆಗೆ ಮರಳುವ ದಾರಿ ಬಹಳ ಕಿರಿದು, 55 ವರ್ಷ ದಾಟಿದ ಮೇಲಂತೂ ಬಹುಮಟ್ಟಿಗೆ ಮುಚ್ಚಿಯೇ ಹೋಗುತ್ತದೆ. ಹೊಸಬರನ್ನು ಹುಡುಕಿಕೊಂಡು ಬಂದು ಆತ್ಮೀಯವಾಗಿ ಮಾತನಾಡುವ ಏಜೆಂಟರಿಗೆ ಖಾಸಗಿ ವಿಮೆ ಮಾರಿದರೆ ಒಳ್ಳೆಯ ಕಮಿಷನ್ ಸಿಗುತ್ತದೆ ಎಂಬುದನ್ನು ಮರೆಯಬೇಡಿ. ಮೊದಲ ವರ್ಷ ಯಾವ ಕಾಗದಕ್ಕೂ ಸ್ನೇಹಕ್ಕಾಗಿ ಸಹಿ ಹಾಕಬೇಡಿ.

ಆದರೆ ಒಂದು ಸಣ್ಣ ವಿಮೆಯನ್ನು ಬಂದ ವಾರವೇ ಮಾಡಿಸಿ. ನಮ್ಮಿಂದ ಬೇರೆಯವರಿಗೆ ಆಗುವ ನಷ್ಟವನ್ನು ತುಂಬುವ ಹೊಣೆಗಾರಿಕೆ ವಿಮೆ. ಇಡೀ ಕುಟುಂಬಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ನೂರು ಯೂರೊ ಒಳಗೇ ಸಿಗುತ್ತದೆ. ಮಗು ಸೈಕಲ್ ತಾಗಿಸಿ ಯಾರದೋ ಕಾರಿಗೆ ಗೀರು ಹಾಕಿದರೆ, ಬಟ್ಟೆ ಒಗೆಯುವ ಯಂತ್ರದ ಕೊಳವೆ ಕಳಚಿ ಕೆಳಮನೆಯ ಛಾವಣಿ ನೆನೆದರೆ ಆಗುವ ಖರ್ಚು ಸಾವಿರಾರು ಯೂರೊ. ಕಟ್ಟಡದ ಬೀಗದ ಕೈ ಕಳೆದರೂ ಕೆಲವು ಸಲ ಇಡೀ ಕಟ್ಟಡದ ಬೀಗಗಳನ್ನೇ ಬದಲಿಸಬೇಕಾಗುತ್ತದೆ. ಕೀಲಿ ನಷ್ಟವೂ ಸೇರಿದೆಯೇ ಎಂದು ಕೇಳಿ ತೆಗೆದುಕೊಳ್ಳಿ. ಮತ್ತೆ, ಇಲ್ಲಿನ ಮನೆ ಬಾಗಿಲು ಹಿಂದಿನಿಂದ ಮುಚ್ಚಿಕೊಂಡರೆ ಹೊರಗಿನಿಂದ ಕೀಲಿಯಿಲ್ಲದೆ ತೆರೆಯುವುದಿಲ್ಲ. ಕಸ ಹಾಕಲು ಹೊರಗೆ ಹೋಗುವಾಗಲೂ ಕೀಲಿ ಜೇಬಿನಲ್ಲಿರಲಿ.

ಮ್ಯೂನಿಕ್‌ನ ಎಂಜಿನಿಯರ್

ಕುಟುಂಬದ ಲೆಕ್ಕವನ್ನು ನೀವು ಹೇಳಿದ್ದು ಒಪ್ಪುವಂಥದ್ದು. ಅವರಿಗೆ ಸಾರ್ವಜನಿಕ ವಿಮೆಯೇ ಸೂಕ್ತ.

ಟ್ಯೂಬಿಂಗನ್‌ನಿಂದ

ನೆರೆಹೊರೆಯ ವಿಷಯ ಹೇಳುತ್ತೇನೆ, ಏಕೆಂದರೆ ನೀವು ಬರುತ್ತಿರುವುದು ಶ್ವಾಬಿಯಾ ಸೀಮೆಗೆ. ಇಲ್ಲಿ ಕೇರ್‌ವೊಖೆ ಎಂಬ ಪದ್ಧತಿ ಇದೆ. ವಾರಕ್ಕೊಂದು ಮನೆಯವರು ಮೆಟ್ಟಿಲು, ನೆಲಮಾಳಿಗೆ, ಕಟ್ಟಡದ ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ನಿಮ್ಮ ಸರದಿ ಬಂದಾಗ ಒಂದು ಸಣ್ಣ ಫಲಕ ನಿಮ್ಮ ಬಾಗಿಲಿನ ಹಿಡಿಗೆ ಬಂದು ತೂಗುತ್ತದೆ. ಕೆಲಸ ಮುಗಿಸಿ ಅದನ್ನು ಮುಂದಿನ ಮನೆಗೆ ತೂಗುಹಾಕಬೇಕು. ಹಿಮ ಬಿದ್ದರೆ ಬೆಳಿಗ್ಗೆಯೇ ಕಾಲುದಾರಿಯ ಹಿಮ ಎತ್ತುವುದೂ ಎಷ್ಟೋ ಕಡೆ ಬಾಡಿಗೆದಾರರ ಹೊಣೆ. ಕರಾರಿನಲ್ಲಿ ಇದು ಇದೆಯೇ, ಅಥವಾ ಶುಚಿಗೊಳಿಸುವ ಕಂಪನಿಗೆ ವಹಿಸಿದ್ದಾರೆಯೇ ಎಂದು ನೋಡಿ. ನೆಲ ಶುಚಿಯಾಗಿದೆ ಎನಿಸಿದರೂ ಗುಡಿಸಿ. ಆ ವಾರ ಪೊರಕೆ ಹಿಡಿದು ಮೆಟ್ಟಿಲ ಮೇಲೆ ನಿಂತವರನ್ನು ಅಕ್ಕಪಕ್ಕದವರು ಮಾತನಾಡಿಸುತ್ತಾರೆ. ನಮ್ಮ ಕಟ್ಟಡದ ಹಿರಿಯರೊಬ್ಬರ ಪರಿಚಯ ನನಗಾದದ್ದು ಹಾಗೆಯೇ, ಇಂದು ನಮ್ಮ ಮನೆಯ ಇನ್ನೊಂದು ಕೀಲಿ ಅವರ ಬಳಿ ಇದೆ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಶ್ಶಬ್ದ ಇರಬೇಕು, ಭಾನುವಾರ ಇಡೀ ದಿನ. ಭಾನುವಾರ ಗೋಡೆಗೆ ಮೊಳೆ ಹೊಡೆಯುವುದು, ಗಾಜಿನ ಬಾಟಲಿಗಳನ್ನು ಸಾರ್ವಜನಿಕ ಡಬ್ಬಕ್ಕೆ ಎಸೆಯುವುದು ಕೂಡದು. ಅಂಗಡಿಗಳೂ ಮುಚ್ಚಿರುತ್ತವೆ. ಹಾಲು ಬ್ರೆಡ್ ಶನಿವಾರವೇ ತಂದಿಡಿ, ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ.

ಇನ್ನು ನಮ್ಮ ಅಡುಗೆ. ಕುಕ್ಕರಿನ ಹಬೆ, ಒಗ್ಗರಣೆಯ ಹೊಗೆ, ಮನೆಯೊಳಗೆ ಒಣಗಿಸಿದ ಬಟ್ಟೆ, ಇವೆಲ್ಲವುಗಳ ತೇವ ಚಳಿಗಾಲದಲ್ಲಿ ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ. ಕಪಾಟಿನ ಹಿಂದೆ, ಕಿಟಕಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಹುಟ್ಟುತ್ತದೆ. ಮನೆ ಬಿಡುವಾಗ ಮುಂಗಡದ ಜಗಳಗಳಲ್ಲಿ ಬೂಷ್ಟಿನದ್ದು ದೊಡ್ಡ ಪಾಲು. ಕಿಟಕಿಯನ್ನು ಇಡೀ ದಿನ ಸ್ವಲ್ಪ ಓರೆ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ, ಗೋಡೆ ತಣ್ಣಗಾಗಿ ಬಿಸಿಯೂ ವ್ಯರ್ಥ. ದಿನಕ್ಕೆ ಮೂರು ನಾಲ್ಕು ಬಾರಿ ಕೋಣೆ ಬಿಸಿ ಮಾಡುವ ಹೀಟರ್‌ನ ಗುಂಡಿ ಇಳಿಸಿ, ಎದುರುಬದುರಿನ ಕಿಟಕಿಗಳನ್ನು ಐದರಿಂದ ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಿ. ಅಡುಗೆ ಮಾಡುವಾಗ ಅಡುಗೆಮನೆಯ ಬಾಗಿಲು ಮುಚ್ಚಿರಲಿ. ಕೋಟುಗಳನ್ನು ಬೇರೆ ಕೋಣೆಯಲ್ಲಿಡಿ, ಸಾಸಿವೆ ಇಂಗಿನ ಘಮ ಉಣ್ಣೆಗೆ ಹಿಡಿದರೆ ಕಚೇರಿಯವರೆಗೂ ಬರುತ್ತದೆ.

ಒಂದು ಮಾತು ಬದಿಗೆ: ಕನ್ನಡ ನಿಘಂಟು ಮಾಡಿದ ಫರ್ಡಿನಾಂಡ್ ಕಿಟ್ಟೆಲ್ ಅವರು ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡದ್ದು ನಮ್ಮ ಈ ಟ್ಯೂಬಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನೆಲೆನಿಂತ ಮೇಲೆ ಒಂದು ಭಾನುವಾರ ಬನ್ನಿ.

ಮನೆಯಲ್ಲೇ ಇದ್ದು ಕಲಿತವಳು

ತಂಗಿ, ಎಲ್ಲರೂ ಮನೆ, ಕಾಗದ, ವಿಮೆ ಹೇಳಿದರು. ನಾನು ನಿಮ್ಮ ಬಗ್ಗೆ ಹೇಳುತ್ತೇನೆ. ಬ್ಲೂ ಕಾರ್ಡ್, ಅಂದರೆ ಉನ್ನತ ಶಿಕ್ಷಣ ಪಡೆದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ, ಪಡೆದವರ ಸಂಗಾತಿಗೆ ಜರ್ಮನ್ ಪರೀಕ್ಷೆ ಇಲ್ಲದೆಯೇ ವೀಸಾ ಸಿಗುತ್ತದೆ, ಬಂದ ಮೇಲೆ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕೂ ಇದೆ. ಈ ಸೌಲಭ್ಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ಒಂದಕ್ಷರ ಜರ್ಮನ್ ಇಲ್ಲದೆ ಬಂದಿಳಿಯುತ್ತಾರೆ. ಗಂಡನಿಗೆ ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಮಕ್ಕಳ ವೈದ್ಯರ ಸಹಾಯಕಿ ಫೋನಿನಲ್ಲಿ ಮಾತನಾಡುವುದು, ಶಿಶುವಿಹಾರದ ಶಿಕ್ಷಕಿ ಚೀಟಿ ಬರೆಯುವುದು, ಕೆಳಮನೆಯವರು ದೂರು ಹೇಳುವುದು ಜರ್ಮನ್‌ನಲ್ಲಿ. ಆ ಎಲ್ಲ ಮಾತೂ ಬಂದು ಬೀಳುವುದು ಮನೆಯಲ್ಲಿರುವವಳ ಮೇಲೆ. ಅವಳು ಒಂದೊಂದು ಸಣ್ಣ ಕೆಲಸಕ್ಕೂ ಗಂಡನ ಬಿಡುವಿಗೆ ಕಾಯಬೇಕಾಗುತ್ತದೆ. ಓದಿದ, ದುಡಿದ ಹೆಣ್ಣಿಗೆ ಇದು ಎಷ್ಟು ನೋವು ಕೊಡುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲೆ.

ಆದ್ದರಿಂದ ಕೈಯಲ್ಲಿರುವ ವಾರಗಳಲ್ಲಿ ಪಾಠ ಶುರು ಮಾಡಿ. ಬೆಂಗಳೂರಿನ ಇಂದಿರಾನಗರದಲ್ಲಿರುವ, ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ದಾವಣಗೆರೆಯಿಂದ ಹೋಗಿ ಬರುವುದು ಆಗದ ಮಾತು, ಆದರೆ ಅವರ ಆನ್‌ಲೈನ್ ತರಗತಿಗಳಿವೆ. ಇಲ್ಲಿಗೆ ಬಂದ ಮೇಲೆ ಊರೂರಿನಲ್ಲೂ ಇರುವ ಜನತಾ ಶಾಲೆ, ಅಂದರೆ ಫೋಕ್ಸ್‌ಹೋಖ್‌ಶೂಲೆಯಲ್ಲಿ ಕಡಿಮೆ ಶುಲ್ಕಕ್ಕೆ ಕಲಿಸುತ್ತಾರೆ. ಹೊಸಬರಿಗೆ ಭಾಷೆ ಮತ್ತು ದೇಶದ ರೀತಿನೀತಿ ಕಲಿಸುವ ಸರ್ಕಾರದ ಏಕೀಕರಣ ತರಗತಿಗೆ ನಿಮಗೆ ಅರ್ಹತೆ ಇದೆಯೇ ಎಂದು ವಿದೇಶಿಯರ ಕಚೇರಿಯಲ್ಲಿ ಕೇಳಿ ಪತ್ರ ಪಡೆಯಿರಿ. ಮಗಳಿಗೆ ಶಿಶುವಿಹಾರ ಸಿಗಲಿ, ಆಮೇಲೆ ಕಲಿಯುತ್ತೇನೆ ಎಂದು ಮುಂದೂಡಬೇಡಿ. ಸಂಜೆ ತರಗತಿಗೆ ಸೇರಿ, ಆ ಹೊತ್ತು ಮಗಳನ್ನು ಯಜಮಾನರು ನೋಡಿಕೊಳ್ಳಲಿ. ಅವರಿಗೂ ಹೇಳಿ: ಬ್ಲೂ ಕಾರ್ಡ್ ಇದ್ದವರಿಗೆ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಸಿಗುತ್ತದೆ, ಎ1 ಎಂಬ ಆರಂಭಿಕ ಮಟ್ಟ ಮಾತ್ರ ಇದ್ದರೆ 27 ತಿಂಗಳು.

ಶಿಶುವಿಹಾರಕ್ಕೆ ನೋಂದಣಿಯಾದ ವಾರವೇ ಅರ್ಜಿ ಹಾಕಿ. ಒಂದು ವರ್ಷ ತುಂಬಿದ ಮಗುವಿಗೆ ಸ್ಥಾನ ಕೊಡಬೇಕೆಂಬ ಕಾನೂನು 2013ರಿಂದ ಇದೆ. ಆದರೂ ಶಿಕ್ಷಕಿಯರ ಕೊರತೆಯಿಂದ ಕಾಯಬೇಕಾಗುತ್ತದೆ. ಒಂದೇ ಕಡೆ ನೆಚ್ಚಬೇಡಿ, ನಗರಸಭೆಯ ಜೊತೆಗೆ ಚರ್ಚ್‌ಗಳು ನಡೆಸುವ ಶಿಶುವಿಹಾರಗಳಲ್ಲೂ ಕೇಳಿ. ಸೇರಿಸಿದ ಮೊದಲ ವಾರಗಳಲ್ಲಿ ತಾಯಿ ಅಥವಾ ತಂದೆ ಜೊತೆಯಲ್ಲೇ ಕುಳಿತು, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾ ಮಗುವನ್ನು ರೂಢಿ ಮಾಡಿಸುತ್ತಾರೆ. ಆ ದಿನಗಳಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಮಗಳೊಡನೆ ಮನೆಯಲ್ಲಿ ಕನ್ನಡವನ್ನೇ ಆಡಿ. ಜರ್ಮನ್ ಅವಳಿಗೆ ಅಲ್ಲಿ ತಾನಾಗಿ ಬರುತ್ತದೆ.

ಮಗುವಿನ ಭತ್ಯೆ 2026ರ ಜನವರಿಯಿಂದ ತಿಂಗಳಿಗೆ 259 ಯೂರೊ. ಅರ್ಜಿ ತಡ ಮಾಡಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ.

ದಾವಣಗೆರೆಯವಳು

ಇದನ್ನು ಯಜಮಾನರಿಗೂ ಓದಿ ಹೇಳಿದೆ. ಸಂಜೆ ಮಗಳನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಇಂದು ಬೆಳಿಗ್ಗೆ ಜನನ ಪತ್ರ ತೆಗೆದು ನೋಡಿದೆವು, ನನ್ನ ಹೆಸರಿನ ಮುಂದೆ ಇನಿಷಿಯಲ್ ಸೇರಿದೆ. ಅಪ್ಪ ನಾಳೆಯೇ ಪಾಲಿಕೆ ಕಚೇರಿಗೆ ಹೋಗುತ್ತಿದ್ದಾರೆ. ಇನ್ನೆರಡು ಪ್ರಶ್ನೆ. ಅಮ್ಮ ಬೆಣ್ಣೆ, ತುಪ್ಪ, ಪೇಡ, ಕರಿಬೇವು ಎಲ್ಲ ಕಟ್ಟಿಡುತ್ತಿದ್ದಾರೆ, ತರಬಹುದೇ? ಯಜಮಾನರಿಗೆ ನಮ್ಮ ಚಾಲನಾ ಪರವಾನಗಿಯಲ್ಲಿ ಕಾರು ಓಡಿಸಬಹುದೇ?

ಉಡುಪಿಯ ನರ್ಸ್, ಈಗ ಉಲ್ಮ್

ಅಮ್ಮನವರಿಗೆ ಬೇಸರವಾಗುತ್ತದೆ, ಆದರೂ ಬೇಡ ಎಂದು ಹೇಳಿ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಭಾರತದಿಂದ ಯುರೋಪಿಗೆ ಸಾಮಾನಿನಲ್ಲಿ ತರುವಂತಿಲ್ಲ. ತುಪ್ಪ, ಪೇಡ ಎರಡೂ ಅದರಲ್ಲೇ ಬಂತು. ಹಸಿ ಕರಿಬೇವು, ಮಾವಿನ ಹಣ್ಣು ಸಸ್ಯ ಆರೋಗ್ಯ ಪತ್ರವಿಲ್ಲದೆ ತರಬಾರದು. ಇಲ್ಲಿನ ಉಪ್ಪಿಲ್ಲದ ಬೆಣ್ಣೆ ಬಹಳ ಚೆನ್ನಾಗಿದೆ, ಕಾಯಿಸಿದರೆ ಘಮಘಮಿಸುವ ತುಪ್ಪ. ಬೆಣ್ಣೆದೋಸೆಗೂ ಕೊರತೆಯಾಗುವುದಿಲ್ಲ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿಯ ಪುಡಿ ತನ್ನಿ. ಅಕ್ಕಿ ಬೇಳೆಗೆ ತೂಕ ವ್ಯರ್ಥ ಮಾಡಬೇಡಿ, ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿ, ರಾಗಿ ಹಿಟ್ಟು, ತುರಿದು ಹೆಪ್ಪುಗಟ್ಟಿಸಿದ ತೆಂಗಿನಕಾಯಿ ಎಲ್ಲ ಇದೆ. ಕೊತ್ತಂಬರಿ, ಪುದೀನ, ಗಟ್ಟಿ ಮೊಸರು ಟರ್ಕಿಯವರ ಅಂಗಡಿಯಲ್ಲಿ ಅಗ್ಗ.

ಪಾನೀಯದ ಬಾಟಲಿ, ಡಬ್ಬಿಗಳನ್ನು ಕಸಕ್ಕೆ ಹಾಕಬೇಡಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ಮತ್ತು ಡಬ್ಬಿಗೆ 25 ಸೆಂಟ್ ಠೇವಣಿ ಕೊಟ್ಟಿರುತ್ತೀರಿ. ಜಜ್ಜದೆ ಹಾಗೆಯೇ ತಂದು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತದೆ. ಈ ಕೆಲಸವನ್ನು ಮಗಳಿಗೇ ಬಿಡಿ, ಮಕ್ಕಳಿಗೆ ಆ ಯಂತ್ರ ಎಂದರೆ ಪ್ರಾಣ.

ಹೈಡಲ್‌ಬರ್ಗ್ ವಾಸಿ

ಪರವಾನಗಿ: ಇಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ, ಅದೂ ಅನುವಾದ ಅಥವಾ ಅಂತರರಾಷ್ಟ್ರೀಯ ಪರವಾನಗಿಯ ಜೊತೆ. ದಾವಣಗೆರೆಯ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಬನ್ನಿ. ಆರು ತಿಂಗಳ ನಂತರ ಓಡಿಸಿದರೆ ಪರವಾನಗಿ ಇಲ್ಲದೆ ಓಡಿಸಿದ ಅಪರಾಧವಾಗುತ್ತದೆ. ಜರ್ಮನ್ ಪರವಾನಗಿಗೆ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡರಲ್ಲೂ ಪಾಸಾಗಬೇಕು. ಆದರೆ ಭಾರತದ ಪರವಾನಗಿ ಇದ್ದವರಿಗೆ ಇಂತಿಷ್ಟು ಪಾಠ ಕಡ್ಡಾಯ ಎಂಬ ನಿಯಮವಿಲ್ಲ. ಲಿಖಿತ ಪರೀಕ್ಷೆಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ಬಲಬದಿಯ ಸಂಚಾರ, ಸೈಕಲ್ ಸವಾರರಿಗೆ ದಾರಿ ಬಿಡುವ ನಿಯಮ, ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಇವು ರೂಢಿಯಾಗಲು ನಾಲ್ಕಾರು ಪಾಠ ತೆಗೆದುಕೊಳ್ಳುವುದೇ ಮೇಲು. ಅರ್ಜಿ ಕಚೇರಿಯಲ್ಲಿ ವಾರಗಟ್ಟಲೆ ಕೂರುತ್ತದೆ, ಆದ್ದರಿಂದ ಎರಡನೇ ತಿಂಗಳಲ್ಲೇ ಸಲ್ಲಿಸಿ.

ಅಲ್ಲಿಯವರೆಗೆ ಕಾರಿನ ಯೋಚನೆ ಬೇಡ. ತಿಂಗಳಿಗೆ 63 ಯೂರೊ ಟಿಕೆಟ್‌ನಲ್ಲಿ ದೇಶದ ಎಲ್ಲ ನಗರ ಬಸ್, ಟ್ರಾಂ, ಪ್ರಾದೇಶಿಕ ರೈಲು ಹತ್ತಬಹುದು. ಅತಿವೇಗದ ದೂರದ ರೈಲುಗಳು ಅದರಲ್ಲಿ ಸೇರುವುದಿಲ್ಲ. ಇದು ತಿಂಗಳಿಂದ ತಿಂಗಳಿಗೆ ತಾನಾಗಿ ಮುಂದುವರಿಯುವ ಚಂದಾ, ನಿಲ್ಲಿಸಬೇಕಾದರೆ ಮುಂದಿನ ತಿಂಗಳಿಗಾಗಿ ಹತ್ತನೇ ತಾರೀಖಿನೊಳಗೆ ರದ್ದು ಮಾಡಿ.

ಬೋಬ್ಲಿಂಗನ್ ಅಕ್ಕ

ತಂಗಿ, ತಾತ್ಕಾಲಿಕ ಮನೆಯ ದೃಢೀಕರಣ ಪತ್ರದ ಬಗ್ಗೆ ಕಂಪನಿಯವರು ಏನು ಉತ್ತರ ಕೊಟ್ಟರು ಎಂದು ಇಲ್ಲಿಯೇ ಬರೆಯಿರಿ. ಕೊಡುವುದಿಲ್ಲ ಎಂದರೆ ಅವರಿಗೆ ಜರ್ಮನ್‌ನಲ್ಲಿ ಕಳುಹಿಸಬೇಕಾದ ಪತ್ರವನ್ನು ನಾನು ಬರೆದುಕೊಡುತ್ತೇನೆ. ಮನೆ ನಮ್ಮ ಬೋಬ್ಲಿಂಗನ್ ಕಡೆ ಸಿಕ್ಕರೆ ಶಿಶುವಿಹಾರದ ಅರ್ಜಿಗೆ ಇಬ್ಬರೂ ಒಟ್ಟಿಗೇ ಹೋಗೋಣ.